ಚಪ್ಪರದಿಂದ ಮಂಡಿಯವರೆಗೆ: ಮಲೆನಾಡಿನಲ್ಲಿ ಸಂಘಟಿತ ಅಪರಾಧದ ತನಿಖೆ ನಡೆಸುವ ಬಗೆ

ತೀರ್ಥಹಳ್ಳಿ ಸೀಮೆಯಲ್ಲಿ ಒಂದು ಅಡಿಕೆ ಕಳವು, ವಾರ ಬಿಟ್ಟು ರಿಪ್ಪನ್‌ಪೇಟೆ ಕಡೆ ಇನ್ನೊಂದು, ಹದಿನೈದು ದಿನಕ್ಕೆ ಜಿಲ್ಲೆಯ ಗಡಿಯಾಚೆ ಕೊಪ್ಪದಲ್ಲಿ ಮತ್ತೊಂದು ಆಯಿತು ಎಂದುಕೊಳ್ಳಿ. ಮೂರು ಠಾಣೆ, ಮೂರು ಎಫ್‌ಐಆರ್, ಮೂವರು ತನಿಖಾಧಿಕಾರಿಗಳು. ಒಂದರಲ್ಲಿ ಗಾಡಿ ಓಡಿಸಿದ ಹುಡುಗ ಸಿಗುತ್ತಾನೆ, ನಾಲ್ಕು ಚೀಲ ಜಪ್ತಿಯಾಗುತ್ತದೆ, ಅಷ್ಟಕ್ಕೇ ದೋಷಾರೋಪ ಪಟ್ಟಿ ಕೋರ್ಟಿಗೆ ಹೋಗುತ್ತದೆ. ಉಳಿದೆರಡು ಪತ್ತೆಯಾಗದ ಪ್ರಕರಣಗಳೆಂದು ‘ಸಿ’ ರಿಪೋರ್ಟ್ ಆಗಿ ಮುಗಿಯುತ್ತವೆ. ಮಾಲು ಕೊಂಡವನು, ಗಾಡಿ ಕೊಟ್ಟವನು, ಯಾರ ಮನೆ ಅಂಗಳದಲ್ಲಿ ಎಷ್ಟು ಅಡಿಕೆ ಒಣಗುತ್ತಿದೆ ಎಂದು ಸುಳಿವು ಕೊಟ್ಟವನು, ಇವರ ಹೆಸರು ಯಾವ ಕಡತದಲ್ಲೂ ಬರುವುದಿಲ್ಲ. ಮುಂದಿನ ಕೊಯ್ಲಿಗೆ ಅದೇ ಗುಂಪು ಹೊಸ ಹುಡುಗನನ್ನು ಕಟ್ಟಿಕೊಂಡು ಬರುತ್ತದೆ.

ಇಂಥ ಬಿಡಿ ಕೇಸುಗಳನ್ನು ಒಂದು ಸಂಘಟಿತ ಅಪರಾಧದ ಪ್ರಕರಣವಾಗಿ ಕಟ್ಟುವುದು ಹೇಗೆ ಎಂಬುದು ಇಲ್ಲಿನ ವಿಷಯ. ಹೊಸದಾಗಿ ಠಾಣೆಗೆ ಬಂದ ಪಿಎಸ್‌ಐಗಳಿಗೆ ಇದು ಕೆಲಸಕ್ಕೆ ಬರುತ್ತದೆ. ದೂರು ಕೊಟ್ಟ ಮೇಲೆ ಏನು ನಡೆಯಬೇಕು ಎಂದು ತಿಳಿಯಬಯಸುವ ಬೆಳೆಗಾರರಿಗೂ ಕಿರಿಯ ವಕೀಲರಿಗೂ ಸಹ. ಶಿವಮೊಗ್ಗ ಜಿಲ್ಲೆಯಲ್ಲಿ ಗುಂಪು ಕಟ್ಟಿಕೊಂಡು ನಡೆಯುವ ದಂಧೆ ಅಡಿಕೆ ಕಳವೊಂದೇ ಅಲ್ಲ. ಶ್ರೀಗಂಧ, ಗಾಂಜಾ, ಮರಳು, ಮಟ್ಕಾ, ಮೀಟರ್ ಬಡ್ಡಿ ಎಲ್ಲವೂ ಇವೆ. ಆದರೆ ಅಡಿಕೆಯ ಕೇಸನ್ನು ಸರಿಯಾಗಿ ಕಟ್ಟಲು ಬಂದವರಿಗೆ ಉಳಿದವು ಕಷ್ಟವಾಗುವುದಿಲ್ಲ. ಹಾಗಾಗಿ ಅದನ್ನೇ ಮುಂದಿಟ್ಟುಕೊಳ್ಳುತ್ತೇವೆ.

ಮೊದಲ ದೂರಿನಲ್ಲೇ ಮಾಡಬೇಕಾದದ್ದು

ಹಸಿ ಅಡಿಕೆ ಗೊನೆ ಕದ್ದ ದೂರನ್ನು ಹಗುರಾಗಿ ಬರೆದುಕೊಳ್ಳುವುದರಿಂದಲೇ ಅರ್ಧ ಕೇಸು ಹಾಳಾಗುತ್ತದೆ. ಈಗಿನ ಕಾನೂನಿನಲ್ಲಿ ಕದ್ದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದರೆ ಸಾದಾ ಕಳವು ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ತನಿಖೆಯನ್ನೇ ಮಾಡುವಂತಿಲ್ಲ. ‘ಎರಡು ಮೂರು ಸಾವಿರದ ಅಡಿಕೆ’ ಎಂದು ದೂರುದಾರರು ಅಂದಾಜಿನಲ್ಲಿ ಹೇಳಿದ್ದನ್ನು ಹಾಗೆಯೇ ಬರೆದರೆ ಅಲ್ಲಿಗೇ ಬಾಗಿಲು ಮುಚ್ಚಿತು. ಎಷ್ಟು ಮರದ ಗೊನೆ ಹೋಗಿದೆ, ಒಂದು ಗೊನೆಗೆ ಸರಾಸರಿ ಎಷ್ಟು ತೂಕ ಬರುತ್ತದೆ ಎಂದು ತೋಟದಲ್ಲೇ ನಿಂತು ಲೆಕ್ಕ ಹಾಕಿ. ಕ್ವಿಂಟಾಲ್ ಹಸಿ ಅಡಿಕೆಗೆ ಸುಮಾರು 12ರಿಂದ 14 ಕಿಲೋ ಒಣ ಅಡಿಕೆ ಇಳಿಯುತ್ತದೆ. ಅಂದಿನ ಎಪಿಎಂಸಿ ಧಾರಣೆ ಹಿಡಿದು ಬೆಲೆ ಕಟ್ಟಿ, ಆ ಧಾರಣೆಯ ಪ್ರತಿಯನ್ನು ಕಡತಕ್ಕೆ ಸೇರಿಸಿ. ಬೆಲೆ ಹೆಚ್ಚಿಸಿ ಬರೆಯಬಾರದು, ಇದ್ದದ್ದನ್ನು ಲೆಕ್ಕದಿಂದ ತೋರಿಸಬೇಕು.

ಎರಡನೆಯದು ಮಾಲು ಎಲ್ಲಿತ್ತು ಎಂಬುದು. ಮನೆಯೊಳಗೋ, ಮಾಲು ಇಡಲೆಂದೇ ಇರುವ ಗೋದಾಮಿನೊಳಗೋ ಇದ್ದರೆ ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಂ ಬರುತ್ತದೆ, ಏಳು ವರ್ಷದವರೆಗೆ ಶಿಕ್ಷೆ. ಅಂಗಳದ ಚಪ್ಪರದ ಮೇಲೆ ಹರವಿದ್ದ ಅಡಿಕೆಗೆ ಸಾಮಾನ್ಯವಾಗಿ 303(2), ಮೂರು ವರ್ಷದವರೆಗೆ. ದೂರಿನಲ್ಲಿ ಬರೀ ‘ಮನೆ ಹತ್ತಿರ ಇಟ್ಟಿದ್ದ’ ಎಂದು ಬರೆದರೆ ಮುಂದೆ ಈ ಎರಡರ ನಡುವೆ ವಾದ ಹುಟ್ಟುತ್ತದೆ.

ಇನ್ನು ಮಾಲಿನ ಗುರುತು. ಅಡಿಕೆ ಅಡಿಕೆಯೇ, ಯಾರದ್ದೆಂದು ಹೇಗೆ ಹೇಳುವುದು ಎನ್ನುವವರಿದ್ದಾರೆ. ಮಲೆನಾಡಿನ ಬೆಳೆಗಾರರಿಗೆ ಇದು ಒಪ್ಪುವ ಮಾತಲ್ಲ. ಬೇಯಿಸಲು ಬಳಸಿದ ಚೊಗರಿನಿಂದ ಬರುವ ಬಣ್ಣ ಮನೆಯಿಂದ ಮನೆಗೆ ಬೇರೆ. ಮಾಲು ರಾಶಿಯೋ, ಬೆಟ್ಟೆಯೋ, ಸರಕೋ, ಗೊರಬಲೋ ಎಂಬ ದರ್ಜೆಯೂ ಬೇರೆ. ಚೀಲದ ಬಾಯಿ ಹೊಲಿದ ದಾರದ ಬಣ್ಣ, ಹೊಲಿಗೆಯ ರೀತಿ, ಚೀಲದ ಮೇಲೆ ಬರೆದ ಅಕ್ಷರ, ಹಿಂದೆ ಆ ಚೀಲ ಬಂದ ಗೊಬ್ಬರದ ಅಥವಾ ಅಕ್ಕಿಯ ಅಂಗಡಿಯ ಮುದ್ರೆ, ಇವನ್ನೆಲ್ಲ ಮೊದಲ ದಿನವೇ ದೂರುದಾರರ ಹೇಳಿಕೆಯಲ್ಲಿ ಬರೆಸಿ. ಕಳ್ಳರು ಬಿಟ್ಟುಹೋದ ಒಂದೆರಡು ಚೀಲ ಸಿಕ್ಕರೆ ಅದರಿಂದ ಒಂದು ಕಿಲೋ ಮಾದರಿಯನ್ನು ಮಹಜರು ಮಾಡಿ ಮೊಹರು ಹಾಕಿ ಇಟ್ಟುಕೊಳ್ಳಿ. ಮಂಡಿಯಲ್ಲಿ ಮಾಲು ಸಿಕ್ಕಾಗ ಹೋಲಿಸಲು ಅದೇ ಆಧಾರ. ಅನುಭವಿ ವ್ಯಾಪಾರಿಯೊಬ್ಬರನ್ನು ಸಾಕ್ಷಿಯಾಗಿ ಕರೆದು ಎರಡನ್ನೂ ನೋಡಿಸಿ ಹೇಳಿಕೆ ಪಡೆಯಿರಿ. ಮಾಲು ಸಿಕ್ಕ ಮೇಲೆ ಬರೆಸಿದ ಗುರುತಿಗೆ ಕೋರ್ಟಿನಲ್ಲಿ ಬೆಲೆ ಇಲ್ಲ.

ಸ್ಥಳದಲ್ಲಿ ಬೆರಳಚ್ಚು ಹುಡುಕುವವರು ಗೋಣಿಯ ಮೇಲೆ ಸಮಯ ಕಳೆಯಬಾರದು, ಅಲ್ಲಿ ಅಚ್ಚು ನಿಲ್ಲುವುದಿಲ್ಲ. ಬೀಗ, ಕಿಟಕಿಯ ಸರಳು, ಎಸೆದ ನೀರಿನ ಬಾಟಲಿ, ಟಾರ್ಪಲ್ಲಿನ ನುಣುಪು ಬದಿ ನೋಡಬೇಕು. ಕೆಂಪು ಮಣ್ಣಿನ ಓಣಿಯಲ್ಲಿ ಟಯರಿನ ಗುರುತು ಚೆನ್ನಾಗಿ ಮೂಡುತ್ತದೆ. ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು ನೇರ ಮೇಲಿನಿಂದ ಫೋಟೊ ತೆಗೆದು, ಪ್ಲಾಸ್ಟರ್ ಅಚ್ಚು ತೆಗೆಸಿ. ಸ್ಥಳದ ಕುರುಹು ಸಂಗ್ರಹಿಸುವ ಸೋಕೊ ತಂಡ ಬರುವುದು ತಡವಾಗುವಂತಿದ್ದರೆ ಗುರುತಿನ ಮೇಲೆ ಬುಟ್ಟಿ ಕವುಚಿ ಕಾವಲು ಇಡಿ. ಇಲ್ಲಿ ಮಳೆ ಯಾರಿಗೂ ಕಾಯುವುದಿಲ್ಲ.

ಗುಂಪಿನ ನಕ್ಷೆ

ಒಂದೇ ರೀತಿಯ ಎರಡನೇ ಕಳವು ಕಂಡ ದಿನವೇ ಡಿವೈಎಸ್‌ಪಿ ಕಚೇರಿಯಲ್ಲಿ ಒಂದು ಪಟ್ಟಿ ತೆರೆಯಬೇಕು. ಠಾಣೆ, ಅಪರಾಧ ಸಂಖ್ಯೆ, ದಿನ, ಹೊತ್ತು, ಒಳಹೊಕ್ಕ ರೀತಿ, ಬಳಸಿದ ಗಾಡಿ, ಮಾಲಿನ ಜಾತಿ ಮತ್ತು ತೂಕ, ಸಂಶಯಿತರು, ಈಗಿನ ಹಂತ ಇಷ್ಟೂ ಅದರಲ್ಲಿರಲಿ. ಎಲ್ಲ ಠಾಣೆಗಳ ಕಡತಗಳನ್ನು ಜೋಡಿಸುವ ಗಣಕ ಜಾಲವಾದ ಸಿಸಿಟಿಎನ್‌ಎಸ್‌ನಲ್ಲಿ ಹುಡುಕುವಾಗ ಹೆಸರು ಮಾತ್ರ ಹಾಕಿದರೆ ಸಾಲದು. ಹೆಸರಿನ ಕಾಗುಣಿತ ಠಾಣೆಯಿಂದ ಠಾಣೆಗೆ ಬದಲಾಗುತ್ತದೆ. ತಂದೆಯ ಹೆಸರು, ಊರು, ಮೊಬೈಲ್ ಸಂಖ್ಯೆ, ಗಾಡಿಯ ಚಾಸಿ ಸಂಖ್ಯೆ ಹಾಕಿ ಹುಡುಕಿ. ಸೋಗಾನೆಯ ಕೇಂದ್ರ ಕಾರಾಗೃಹದಿಂದ ಕಳೆದ ಮೂರು ತಿಂಗಳಲ್ಲಿ ಜಾಮೀನಿನ ಮೇಲೆ ಬಿಡುಗಡೆಯಾದ ಕಳವು ಆರೋಪಿಗಳ ಪಟ್ಟಿ ತರಿಸಿ, ಅವರ ಜಾಮೀನಿಗೆ ನಿಂತವರು ಯಾರು ಎಂದು ನೋಡಿ. ಬೇರೆ ಬೇರೆ ಊರಿನ ಇಬ್ಬರು ಆರೋಪಿಗಳಿಗೆ ಒಬ್ಬನೇ ಜಾಮೀನುದಾರ ಇದ್ದರೆ ಅದು ಗುಂಪಿನ ಮೊದಲ ಎಳೆ.

ಒಂದು ತೊಡಕು ಇಲ್ಲಿದೆ. ಪೊಲೀಸ್ ಆಡಳಿತದಲ್ಲಿ ಶಿವಮೊಗ್ಗ ಜಿಲ್ಲೆ ದಾವಣಗೆರೆಯ ಪೂರ್ವ ವಲಯದಲ್ಲಿದೆ. ಪಕ್ಕದ ಚಿಕ್ಕಮಗಳೂರು, ಉಡುಪಿ, ಉತ್ತರ ಕನ್ನಡ ಮಂಗಳೂರಿನ ಪಶ್ಚಿಮ ವಲಯದಲ್ಲಿವೆ. ಆಗುಂಬೆ ಅಥವಾ ಹುಲಿಕಲ್ ಘಾಟಿ ಇಳಿದ ಮಾಲು ಇನ್ನೊಂದು ವಲಯಕ್ಕೆ ಸೇರುತ್ತದೆ. ಗುಂಪುಗಳಿಗೆ ಈ ಗೆರೆ ಚೆನ್ನಾಗಿ ಗೊತ್ತು. ಠಾಣೆಯಿಂದ ಠಾಣೆಗೆ ಫೋನು ಮಾಡಿದರೆ ಮಾಹಿತಿ ಸಿಗುತ್ತದೆ, ಕಾಗದ ಸಿಗುವುದಿಲ್ಲ. ಎರಡೂ ಜಿಲ್ಲೆಯ ಎಸ್‌ಪಿಗಳ ಮಟ್ಟದಲ್ಲಿ ಪತ್ರ ಹೋಗಬೇಕು. ದೋಷಾರೋಪ ಪಟ್ಟಿಗಳ ದೃಢೀಕೃತ ಪ್ರತಿಗಳನ್ನು ಆ ಕೋರ್ಟುಗಳಿಂದಲೇ ಪಡೆಯಬೇಕು. ಇದಕ್ಕೆ ಒಬ್ಬ ಎಎಸ್‌ಐಗೆ ಪೂರ್ತಿ ಹೊಣೆ ಕೊಡಿ. ಇದು ಯಾರಿಗೂ ಇಷ್ಟವಿಲ್ಲದ ಓಡಾಟ, ಆದರೆ ಇಡೀ ಕೇಸು ನಿಲ್ಲುವುದೇ ಈ ಪ್ರತಿಗಳ ಮೇಲೆ. ಏಕೆಂಬುದನ್ನು ಕಲಮಿನ ವಿಷಯ ಬಂದಾಗ ಹೇಳುತ್ತೇವೆ.

ಫೋನು ಮತ್ತು ಕ್ಯಾಮೆರಾ

ಬಯಲುಸೀಮೆಯ ಲೆಕ್ಕದಲ್ಲಿ ಟವರ್ ಡಂಪ್ (ಒಂದು ಟವರಿಗೆ ಆ ಹೊತ್ತಿನಲ್ಲಿ ಸಿಕ್ಕ ಎಲ್ಲ ಸಂಖ್ಯೆಗಳ ಪಟ್ಟಿ) ನಂಬಿದವರು ಮಲೆನಾಡಿನಲ್ಲಿ ಎಡವುತ್ತಾರೆ. ಒಂದು ಟವರ್ ಹಲವು ಹಳ್ಳಿಗೆ ಹಬ್ಬಿರುತ್ತದೆ. ಗುಡ್ಡ ಅಡ್ಡ ಬಂದರೆ ಹತ್ತಿರದ ಟವರ್ ಬಿಟ್ಟು ದೂರದ್ದನ್ನು ಫೋನು ಹಿಡಿಯುತ್ತದೆ. ಸಿಗ್ನಲ್ ಇಲ್ಲದ ಊರುಗಳಲ್ಲಿ ಜನ ಮನೆಯ ವೈಫೈ ಮೇಲೆ ವಾಟ್ಸ್‌ಆ್ಯಪ್‌ನಲ್ಲೇ ಮಾತಾಡುತ್ತಾರೆ, ಅದು ಸಿಡಿಆರ್‌ನಲ್ಲಿ, ಅಂದರೆ ಕರೆ ವಿವರದ ದಾಖಲೆಯಲ್ಲಿ, ಕರೆಯಾಗಿ ಬರುವುದೇ ಇಲ್ಲ. ಆದ್ದರಿಂದ ಸಿಡಿಆರ್ ಜೊತೆಗೆ ಇಂಟರ್ನೆಟ್ ಬಳಕೆಯ ದಾಖಲೆಯನ್ನೂ ಕೇಳಿ. ಕೃತ್ಯ ನಡೆದ ಜಾಗದ ಟವರಿಗಿಂತ ಮಾಲು ಹೊರಗೆ ಹೋಗುವ ದಾರಿಯ ಟವರುಗಳು ಹೆಚ್ಚು ಕೆಲಸಕ್ಕೆ ಬರುತ್ತವೆ. ಮೂರೂ ಕಳವಿನ ರಾತ್ರಿ ಘಾಟಿಯ ಬುಡದಲ್ಲಿ ಕಾಣಿಸಿಕೊಂಡ ಸಂಖ್ಯೆ ಯಾವುದು ಎಂದು ನೋಡಿ. ಕೃತ್ಯದ ಹೊತ್ತಿಗೆ ಸರಿಯಾಗಿ ಸ್ವಿಚ್ ಆಫ್ ಆಗಿ ಬೆಳಿಗ್ಗೆ ಶಿವಮೊಗ್ಗದಲ್ಲಿ ತೆರೆದ ಫೋನೂ ಒಂದು ಸುಳಿವೇ. ಆದರೆ ಅದೊಂದನ್ನೇ ಸಾಕ್ಷ್ಯವೆಂದು ಹಿಡಿದು ಕೂರಬೇಡಿ.

ಸಾರ್ವಜನಿಕ ಸುರಕ್ಷತಾ ಕಾಯ್ದೆಯಡಿ ಜನ ಸೇರುವ ಸಂಸ್ಥೆಗಳು ಸಿಸಿಟಿವಿ ದೃಶ್ಯವನ್ನು 30 ದಿನ ಉಳಿಸಬೇಕು. ಆದರೆ ಪೆಟ್ರೋಲ್ ಬಂಕು, ಹೋಟೆಲು, ತೋಟದ ಮನೆಯ ಕ್ಯಾಮೆರಾಗಳಲ್ಲಿ ವಾರ ಹತ್ತು ದಿನಕ್ಕೇ ಹಳೆಯದರ ಮೇಲೆ ಹೊಸದು ಬರೆದುಕೊಂಡುಬಿಡುತ್ತದೆ. ಮೂರು ದಿನದೊಳಗೆ ದಾರಿಯುದ್ದಕ್ಕೂ ಹೋಗಿ ಸಂಗ್ರಹಿಸಿ. ಕ್ಯಾಮೆರಾ ದೃಶ್ಯ ದಾಖಲಾಗುವ ಪ್ರತಿ ಡಿವಿಆರ್‌ನ ಗಡಿಯಾರ ನಿಜವಾದ ಸಮಯಕ್ಕಿಂತ ಎಷ್ಟು ಮುಂದೆ, ಎಷ್ಟು ಹಿಂದೆ ಇದೆ ಎಂದು ಮಹಜರಿನಲ್ಲಿ ಬರೆಯಿರಿ. ಇದನ್ನು ಮರೆತರೆ ಒಂದೇ ಪಿಕಪ್ ಗಾಡಿ ಸಾಗರವನ್ನು ಆನಂದಪುರಕ್ಕಿಂತ ಮೊದಲೂ ಆಮೇಲೂ ದಾಟಿದಂತೆ ಕಾಣುತ್ತದೆ, ಪ್ರತಿವಾದಿ ವಕೀಲರು ಅದನ್ನೇ ಹಿಡಿಯುತ್ತಾರೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರಕ್ಕೆ ಎರಡು ಭಾಗ. ಒಂದನ್ನು ಉಪಕರಣದ ಹೊಣೆ ಹೊತ್ತವರು ಕೊಡಬೇಕು, ಇನ್ನೊಂದನ್ನು ತಜ್ಞರು. ಹ್ಯಾಷ್ ಮೌಲ್ಯ, ಅಂದರೆ ಕಡತ ಬದಲಾಗಿಲ್ಲವೆಂದು ತೋರಿಸುವ ಗುರುತು ಸಂಖ್ಯೆ, ಎರಡರಲ್ಲೂ ಒಂದೇ ಇರಬೇಕು. ಬಂಕಿನ ಮ್ಯಾನೇಜರು ಕೆಲಸ ಬಿಟ್ಟು ಹೋಗುವ ಮೊದಲೇ ಸಹಿ ಹಾಕಿಸಿಕೊಳ್ಳಿ.

ಬಂಧನ, ಹೇಳಿಕೆ, ಜಪ್ತಿ

ಮೊದಲು ಯಾರನ್ನು ಹಿಡಿಯುವುದು ಎಂಬುದು ತನಿಖೆಯ ದೊಡ್ಡ ತೀರ್ಮಾನ. ಗಾಡಿ ಓಡಿಸಿದವನನ್ನು ಹಿಡಿದ ಸುದ್ದಿ ಎರಡು ಗಂಟೆಯಲ್ಲಿ ಮಂಡಿ ಮುಟ್ಟುತ್ತದೆ, ಅಲ್ಲಿನ ಮಾಲು ಮಾಯವಾಗುತ್ತದೆ. ಸಾಧ್ಯವಾದರೆ ಕಳವು ಮಾಡಿದವನ ಮೇಲೂ ಮಾಲು ಇಟ್ಟಿರುವ ಜಾಗದ ಮೇಲೂ ಒಂದೇ ಹೊತ್ತಿಗೆ ತಂಡ ಹೋಗಬೇಕು.

ಬಂಧನದ ಕಾರಣವನ್ನು ಬರಹದಲ್ಲಿ, ಆತನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಿ, ಕೊಟ್ಟದ್ದಕ್ಕೆ ಸಹಿ ಪಡೆಯಿರಿ. ಸಿದ್ಧ ನಮೂನೆಯಲ್ಲಿ ಕಲಂ ಸಂಖ್ಯೆ ತುಂಬಿ ಕೊಟ್ಟರೆ ಅದು ಕಾರಣವಾಗುವುದಿಲ್ಲ. ಈತ ಏನು ಮಾಡಿದ ಎಂಬುದು ಅದರಲ್ಲಿರಬೇಕು. ಇಷ್ಟು ಸಣ್ಣ ಲೋಪಕ್ಕೆ ಬಂಧನವೇ ಅಕ್ರಮವೆನಿಸಿ ಗುಂಪಿನ ಮುಖ್ಯಸ್ಥ ಹೊರಗೆ ಬರುತ್ತಾನೆ. ಗುರುತು ಪತ್ತೆ ಪರೇಡು ಬೇಕಿದ್ದರೆ ಅದು ಮುಗಿಯುವವರೆಗೆ ಪತ್ರಿಕಾಗೋಷ್ಠಿ ಬೇಡ, ಆರೋಪಿಗಳ ಫೋಟೊ ವಾಟ್ಸ್‌ಆ್ಯಪ್ ಗುಂಪುಗಳಿಗೆ ಹೋಗುವುದಂತೂ ಬೇಡವೇ ಬೇಡ. ಆರೋಪಿಯ ಮುಖ ಪತ್ರಿಕೆಯಲ್ಲಿ ಕಾಣಿಸಿದ ಮೇಲೆ ತಹಶೀಲ್ದಾರರ ಎದುರು ಸಾಕ್ಷಿ ಗುರುತಿಸಿದರೂ ಪ್ರಯೋಜನವಿಲ್ಲ.

ಸ್ವ-ಇಚ್ಛಾ ಹೇಳಿಕೆಯಲ್ಲಿ ಆರೋಪಿ ಹತ್ತು ಪುಟ ಒಪ್ಪಿಕೊಂಡರೂ ಪೊಲೀಸರೆದುರಿನ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ. ಆತ ಹೇಳಿದ್ದರಿಂದ ಹೊಸದಾಗಿ ಪತ್ತೆಯಾದ ಸಂಗತಿಯಷ್ಟೇ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಡಿ ಉಳಿಯುತ್ತದೆ. ಹೀಗಾಗಿ ಪೊಲೀಸರಿಗೆ ಮೊದಲೇ ಗೊತ್ತಿದ್ದ ಜಾಗದಿಂದ ‘ತೋರಿಸಿಕೊಟ್ಟ’ ಎಂದು ಬರೆದು ಉಪಯೋಗವಿಲ್ಲ. ಪಂಚರನ್ನು ಠಾಣೆಯಿಂದಲೇ ಕರೆದೊಯ್ಯಿರಿ, ಆದರೆ ಠಾಣೆಯ ಪಕ್ಕದ ಅಂಗಡಿಯ ಖಾಯಂ ಪಂಚರು ಬೇಡ. ಗಂಭೀರ ಕೇಸಿಗೆ ಸರ್ಕಾರಿ ನೌಕರರನ್ನು ಪತ್ರ ಬರೆದು ಕರೆಸಿಕೊಳ್ಳಿ. ಶೋಧ ಮತ್ತು ಜಪ್ತಿಯ ದೃಶ್ಯ ಚಿತ್ರೀಕರಣ ಈಗ ಕಡ್ಡಾಯ. ಚೀಲ ಇಳಿಸುವುದು, ತೂಗುವುದು, ಮಾದರಿ ತೆಗೆಯುವುದು, ಮೊಹರು ಹಾಕುವುದು, ಪಂಚರು ಸಹಿ ಮಾಡುವುದು ಎಲ್ಲವೂ ಬರಲಿ. ಸಿಗ್ನಲ್ ಇಲ್ಲದ ಕಡೆ ಅಪ್‌ಲೋಡ್ ತಡವಾದರೆ ಎಷ್ಟು ಹೊತ್ತಿಗೆ, ಎಲ್ಲಿಂದ ಮಾಡಿದಿರಿ ಎಂದು ಕೇಸ್ ಡೈರಿಯಲ್ಲಿ ಬರೆಯಿರಿ.

ಜಪ್ತಿ ಮಾಡಿದ ಅಡಿಕೆಯನ್ನು ಠಾಣೆಯ ಮೂಲೆಯಲ್ಲಿ ಪೇರಿಸಿಟ್ಟರೆ ಒಂದು ಮಳೆಗಾಲದಲ್ಲಿ ಬೂಷ್ಟು ಹಿಡಿದು ಬೆಲೆ ಇಲ್ಲದ ಕಸವಾಗುತ್ತದೆ. ಬೆಳೆಗಾರನಿಗೆ ಎರಡು ಸಲ ಕಳವಾದ ಹಾಗೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 497ನೇ ಕಲಂ ಪ್ರಕಾರ ಕೋರ್ಟಿನಲ್ಲಿ ಮಾಲಿನ ವಿವರಪಟ್ಟಿ ಮಾಡಿಸಿ, ಫೋಟೊ, ವಿಡಿಯೊ ತೆಗೆಸಿ ಬೇಗ ವಿಲೇವಾರಿ ಆದೇಶ ಪಡೆಯಲು ದಾರಿ ಇದೆ. ಮಾದರಿಯನ್ನು ಇಟ್ಟುಕೊಂಡು ಮಾಲನ್ನು ಒಡೆಯನಿಗೆ ತಲುಪಿಸಿ.

ಕೊಂಡವನ ಹಿಂದೆ

ಗುಂಪು ಉಸಿರಾಡುವುದು ಕೊಳ್ಳುವವನಿಂದ. ಕದ್ದ ಅಡಿಕೆ ರಾತ್ರೋರಾತ್ರಿ ಬೇರೆ ಚೀಲಕ್ಕೆ ಹೋಗಿ, ಇನ್ನೊಂದು ಮಾಲಿನೊಂದಿಗೆ ಬೆರೆತು, ಬೆಳಿಗ್ಗೆ ಯಾರೋ ರೈತನ ಹೆಸರಿನಲ್ಲಿ ಮಾರಾಟವಾಗುತ್ತದೆ. ಹಿಡಿಯಬೇಕಾದದ್ದು ಆ ಹೆಸರನ್ನು. ತಕ್‌ಪಟ್ಟಿ (ಮಂಡಿಯ ತೂಕ, ಬೆಲೆಯ ಚೀಟಿ), ಖರೀದಿ ಪುಸ್ತಕ, ಜಿಎಸ್‌ಟಿ ದಾಖಲೆ, ಇ-ವೇ ಬಿಲ್ಲು, ಬ್ಯಾಂಕ್ ಪಾವತಿ ಈ ಐದನ್ನೂ ಒಂದರ ಪಕ್ಕ ಒಂದಿಡಿ. ಅರ್ಧ ಎಕರೆ ತೋಟವಿರುವವನ ಹೆಸರಿನಲ್ಲಿ ಇಪ್ಪತ್ತು ಕ್ವಿಂಟಾಲ್ ಮಾರಾಟ ತೋರಿಸಿದ್ದರೆ ಪಹಣಿ ತೆಗೆದು ನೋಡಿದರೆ ಸಾಕು. ಖೇಣಿ ಹಿಡಿದದ್ದು, ಅಂದರೆ ಮುಂಗಡ ಕೊಟ್ಟು ಬೇರೆಯವರ ತೋಟದ ಫಸಲನ್ನು ಗುತ್ತಿಗೆ ಪಡೆದದ್ದು, ಎನ್ನುತ್ತಾರೆ. ಹಾಗಾದರೆ ಖೇಣಿ ಕೊಟ್ಟ ತೋಟದವರು ಯಾರು, ಮುಂಗಡ ಯಾವಾಗ ಕೊಟ್ಟರು ಎಂದು ಕೇಳಿ ಅವರ ಹೇಳಿಕೆ ಪಡೆಯಿರಿ.

ಮಾಲು ಕಳವಿನದ್ದೆಂದು ಕೊಂಡವನಿಗೆ ಗೊತ್ತಿತ್ತು ಎಂಬುದನ್ನು ನೇರವಾಗಿ ತೋರಿಸಲಾಗುವುದಿಲ್ಲ. ಧಾರಣೆಗಿಂತ ತೀರ ಕಡಿಮೆ ಬೆಲೆ, ನಡುರಾತ್ರಿಯ ವಹಿವಾಟು, ನಗದು ಪಾವತಿ, ಬಿಲ್ಲಿಲ್ಲದಿರುವುದು, ಹಿಂದೆಯೂ ಅದೇ ಗುಂಪಿನಿಂದ ಕೊಂಡದ್ದು, ಇವೆಲ್ಲ ಸೇರಿ ಅದನ್ನು ಹೇಳುತ್ತವೆ. ಒಂದು ಸಲ ಕೊಂಡದ್ದಾದರೆ 317(2), ಮೂರು ವರ್ಷದವರೆಗೆ. ಅದೇ ಅವನ ಚಾಳಿ ಎಂದು ತೋರಿಸಿದರೆ 317(4), ಹತ್ತು ವರ್ಷದವರೆಗೆ ಅಥವಾ ಜೀವಾವಧಿ. ಎಷ್ಟೋ ಕೇಸುಗಳಲ್ಲಿ ಕೊಂಡವನನ್ನು ಸಾಕ್ಷಿ ಮಾಡಿ ಬಿಡುತ್ತಾರೆ, ಮಾಲು ಬೇಗ ಕೊಡುತ್ತಾನೆ ಎಂಬ ಕಾರಣಕ್ಕೆ. ಅಮಾಯಕ ವ್ಯಾಪಾರಿಯನ್ನು ಸಾಕ್ಷಿ ಮಾಡುವುದು ನ್ಯಾಯವೇ. ವರ್ಷವರ್ಷವೂ ಅದೇ ಅಂಗಡಿಯಲ್ಲಿ ಮಾಲು ಸಿಗುತ್ತಿದ್ದರೂ ಸಾಕ್ಷಿಯ ಪಟ್ಟಿಯಲ್ಲೇ ಇಡುವುದು ಬೆಳೆಗಾರರಿಗೆ ಮಾಡುವ ದ್ರೋಹ.

ಅಪರಾಧದ ಹಣದಿಂದ ಕೊಂಡ ಆಸ್ತಿಯನ್ನು ಜಪ್ತಿ ಮಾಡಲು ನಾಗರಿಕ ಸುರಕ್ಷಾ ಸಂಹಿತೆಯ 107ನೇ ಕಲಂ ಇದೆ. ಎಸ್‌ಪಿಯವರ ಒಪ್ಪಿಗೆ ಪಡೆದು ಕೋರ್ಟಿಗೆ ಅರ್ಜಿ ಹಾಕಬೇಕು. ಆಸ್ತಿ ಹೊಂದಿದವರಿಗೆ ಕಾರಣ ತೋರಿಸಲು 14 ದಿನದ ನೋಟಿಸು ಹೋಗುತ್ತದೆ. ಕೊನೆಗೆ ಜಿಲ್ಲಾಧಿಕಾರಿಗಳ ಮೂಲಕ ನೊಂದವರಿಗೆ ಹಂಚಿಕೆಯೂ ಆಗಬಹುದು. ಪಿಕಪ್ ಗಾಡಿ, ಹೆಂಡತಿಯ ಹೆಸರಿನ ಸೈಟು, ಅಡವಿಟ್ಟ ಚಿನ್ನ ಎಲ್ಲವನ್ನೂ ಹುಡುಕಿ. ಆದರೆ ಯಾವ ಹಣ ಯಾವ ಕಳವಿನದ್ದು ಎಂದು ಜೋಡಿಸಿ ತೋರಿಸದೆ ಬರೀ ಪಟ್ಟಿ ಕೊಟ್ಟರೆ ಅರ್ಜಿ ನಿಲ್ಲುವುದಿಲ್ಲ.

ಯಾವ ಕಲಂ, ಯಾವಾಗ

2024ರ ಜುಲೈ 1ರಿಂದ ನ್ಯಾಯ ಸಂಹಿತೆಯ 111ನೇ ಕಲಂ ಸಂಘಟಿತ ಅಪರಾಧವನ್ನೇ ಪ್ರತ್ಯೇಕ ಅಪರಾಧ ಮಾಡಿದೆ. ಸಾವು ಸಂಭವಿಸದ ಪ್ರಕರಣದಲ್ಲೂ ಕನಿಷ್ಠ ಐದು ವರ್ಷ ಶಿಕ್ಷೆ, ಕನಿಷ್ಠ ಐದು ಲಕ್ಷ ದಂಡ. ಹೀಗಾಗಿ ಎಲ್ಲ ಗುಂಪಿಗೂ ಇದನ್ನೇ ಹಾಕುವ ಆತುರ ಬರುತ್ತದೆ. ನಿಲ್ಲಿ. ಇದಕ್ಕೆ ‘ಮುಂದುವರಿದ ಕಾನೂನುಬಾಹಿರ ಚಟುವಟಿಕೆ’ ತೋರಿಸಬೇಕು. ಮೂರು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಸಂಜ್ಞೇಯ ಅಪರಾಧಕ್ಕೆ ಹಿಂದಿನ ಹತ್ತು ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ದೋಷಾರೋಪ ಪಟ್ಟಿ ಸಲ್ಲಿಕೆಯಾಗಿರಬೇಕು, ಕೋರ್ಟು ಅದನ್ನು ಪರಿಗಣನೆಗೆ ತೆಗೆದುಕೊಂಡಿರಬೇಕು. ಎಫ್‌ಐಆರ್‌ಗಳ ಉದ್ದ ಪಟ್ಟಿ ಇದ್ದು ದೋಷಾರೋಪ ಪಟ್ಟಿ ಇಲ್ಲದಿದ್ದರೆ ಮೊದಲ ಜಾಮೀನು ಅರ್ಜಿಯಲ್ಲೇ ಕಲಂ ಕುಸಿಯುತ್ತದೆ. ಮೇಲೆ ಹೇಳಿದ ದೃಢೀಕೃತ ಪ್ರತಿಗಳು ಬೇಕಾಗುವುದು ಇಲ್ಲಿ. ಆರಂಭದಲ್ಲಿ ಹೇಳಿದ ಮೂರು ಕಳವುಗಳಲ್ಲಿ ಎರಡು ‘ಸಿ’ ರಿಪೋರ್ಟ್ ಆದರೆ ಏನು ಕಳೆದುಕೊಂಡೆವು ಎಂಬುದೂ ಇಲ್ಲೇ ಗೊತ್ತಾಗುವುದು.

ಇತಿಹಾಸವಿಲ್ಲದ ಗುಂಪಿಗೆ 112ನೇ ಕಲಂ, ಸಣ್ಣ ಸಂಘಟಿತ ಅಪರಾಧ, ಸರಿಹೊಂದುತ್ತದೆ. ಗುಂಪಿನ ಸದಸ್ಯನಾಗಿ ಮಾಡಿದ ಕಳವು, ಮೋಸ, ಜೂಜು ಇದರಲ್ಲಿ ಬರುತ್ತವೆ, ಶಿಕ್ಷೆ ಒಂದರಿಂದ ಏಳು ವರ್ಷ. ಚಾಳಿಬಿದ್ದ ಕಳ್ಳರ ಗ್ಯಾಂಗಿಗೆ ಸೇರಿದ್ದಕ್ಕೇ 313 ಇದೆ. ಕಾವಲುಗಾರನನ್ನು ಕಟ್ಟಿಹಾಕಿ ಒಯ್ದಿದ್ದರೆ ಅದು ಕಳವಲ್ಲ, ಸುಲಿಗೆ. ಐವರು ಅಥವಾ ಹೆಚ್ಚು ಜನ ಸೇರಿದ್ದರೆ ಡಕಾಯಿತಿ.

ಹಳೆಯ, ಬಲವಾದ ಗುಂಪಿಗೆ ಕರ್ನಾಟಕದ ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆ, 2000 (ಕೋಕಾ) ಉಂಟು. ಡಿಐಜಿ ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿಯ ಪೂರ್ವಾನುಮೋದನೆ ಇಲ್ಲದೆ ಪ್ರಕರಣ ದಾಖಲಿಸುವಂತಿಲ್ಲ, ತನಿಖೆ ಡಿವೈಎಸ್‌ಪಿಗಿಂತ ಕೆಳಗಿನವರು ಮಾಡುವಂತಿಲ್ಲ, ಕೋರ್ಟು ಪರಿಗಣಿಸಲು ಎಡಿಜಿಪಿ ದರ್ಜೆಯ ಮಂಜೂರಾತಿ ಬೇಕು. ಇದರಲ್ಲಿ ಎಸ್‌ಪಿ ದರ್ಜೆಯ ಅಧಿಕಾರಿ ನಿಯಮದಂತೆ ದಾಖಲಿಸಿದ ತಪ್ಪೊಪ್ಪಿಗೆಗೆ ಬೆಲೆ ಇದೆ. ಗೌರಿ ಲಂಕೇಶ್ ಹತ್ಯೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದಂತೆ ಪೂರ್ವಾನುಮೋದನೆ ಅಪರಾಧದ ಮಾಹಿತಿಯನ್ನು ಕುರಿತದ್ದು. ಆ ಹಂತದಲ್ಲಿ ಪ್ರತಿ ಆರೋಪಿಯ ಹೆಸರೂ ಅದರಲ್ಲಿರಬೇಕೆಂದಿಲ್ಲ, ಪ್ರತಿಯೊಬ್ಬನ ಮೇಲೂ ಹಳೆಯ ದೋಷಾರೋಪ ಪಟ್ಟಿಗಳಿರಬೇಕೆಂದೂ ಇಲ್ಲ. ಗುಂಪಿನ ಇತಿಹಾಸ ಮುಖ್ಯ.

ಗಾಂಜಾದಲ್ಲಿ ಬೇರೆ ಎಚ್ಚರ

ಶುಂಠಿ, ಜೋಳದ ಹೊಲದ ನಡುವೆ ಬೆಳೆದ ಗಾಂಜಾ ಗಿಡಗಳನ್ನು ಬೇರು, ಕಾಂಡ, ಮಣ್ಣು ಸಮೇತ ತೂಗಿ ‘25 ಕಿಲೋ ಗಾಂಜಾ’ ಎಂದು ಬರೆಯುವುದು ದೊಡ್ಡ ತಪ್ಪು. ಕಾನೂನಿನಲ್ಲಿ ಗಾಂಜಾ ಎಂದರೆ ಹೂ ಅಥವಾ ಕಾಯಿ ಬಿಟ್ಟ ತುದಿ. ಜಾಮೀನು ಸುಲಭವಾಗಿ ಸಿಗದ ‘ವಾಣಿಜ್ಯ ಪ್ರಮಾಣ’ದ ಮಿತಿ 20 ಕಿಲೋ. ತುದಿಗಳನ್ನು ಬೇರೆ ಮಾಡಿ ತೂಗದಿದ್ದರೆ ಆ ಮಿತಿ ದಾಟಿದೆ ಎಂದು ತೋರಿಸಲಾಗದೆ ಜಾಮೀನು ಸಿಗುತ್ತದೆ. 2022ರ ನಿಯಮಗಳ ಪ್ರಕಾರ ಮಾದರಿ ತೆಗೆಯುವುದು ಮ್ಯಾಜಿಸ್ಟ್ರೇಟರ ಎದುರು, ಗಾಂಜಾಕ್ಕೆ 24 ಗ್ರಾಮಿನ ಮಾದರಿ, ಎರಡು ಪ್ರತಿ. ಹಸಿ ಗಿಡವನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ವಾರದಲ್ಲಿ ಕೊಳೆಯುತ್ತದೆ, ಆದ್ದರಿಂದ ಮಾದರಿ ತೆಗೆಸಲು ಮ್ಯಾಜಿಸ್ಟ್ರೇಟರಿಗೆ ಕೊಡುವ ಅರ್ಜಿಯನ್ನು ಮರುದಿನಕ್ಕೆ ಮುಂದೂಡಬೇಡಿ. ವ್ಯಕ್ತಿಯ ಮೈ ಶೋಧಿಸುವ ಮುನ್ನ ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ಶೋಧಕ್ಕೆ ಒಳಗಾಗುವ ಹಕ್ಕು ನಿನಗಿದೆ ಎಂದು ತಿಳಿಸಿ ಬರೆದುಕೊಳ್ಳಿ. ಶ್ರೀಗಂಧದಲ್ಲೂ ಇದೇ ಮಾತು: ಚೇಗಿನ (ಮರದ ಒಳತಿರುಳಿನ) ತೂಕ ಬೇರೆ, ಸಿಪ್ಪೆ ಸಮೇತದ ತೂಕ ಬೇರೆ. ಕಡಿದ ಬುಡದ ಅಳತೆ, ಫೋಟೊ ತೆಗೆದು ತುಂಡಿನೊಂದಿಗೆ ಹೋಲಿಸಿ. ಗಾಡಿ ಮುಟ್ಟುಗೋಲಿಗೆ ಅರಣ್ಯ ಇಲಾಖೆಗೆ ಕೂಡಲೇ ವರದಿ ಕಳಿಸಿ.

ಜೈಲಿನ ಹೊರಗಿರುವಾಗ

ರೂಢಿಗತ ಅಪರಾಧಿಯಿಂದ ಒಳ್ಳೆಯ ನಡತೆಯ ಮುಚ್ಚಳಿಕೆಗೆ ನಾಗರಿಕ ಸುರಕ್ಷಾ ಸಂಹಿತೆಯ 129ನೇ ಕಲಂ, ಗಡಿಪಾರಿಗೆ ಕರ್ನಾಟಕ ಪೊಲೀಸ್ ಕಾಯ್ದೆಯ 55, ಬಂಧನದಲ್ಲಿಡಲು 1985ರ ಗೂಂಡಾ ಕಾಯ್ದೆ ಇವೆ. ಗೂಂಡಾ ಕಾಯ್ದೆಯ ಕಡತ ಬೀಳುವುದು ಬಹುಪಾಲು ಸಣ್ಣ ಕಾರಣಗಳಿಗೆ. ಕೊನೆಯ ಕೃತ್ಯಕ್ಕೂ ಆದೇಶಕ್ಕೂ ನಡುವೆ ತಿಂಗಳುಗಟ್ಟಲೆ ಅಂತರವಿರುತ್ತದೆ, ಕೊಟ್ಟ ಪ್ರತಿಗಳು ಓದಲು ಬಾರದಷ್ಟು ಮಸುಕಾಗಿರುತ್ತವೆ, ಆತನ ಮನವಿಗೆ ಉತ್ತರ ತಡವಾಗಿರುತ್ತದೆ. ಕಾರಣಗಳನ್ನು ಐದು ದಿನದೊಳಗೆ ತಿಳಿಸಬೇಕು, 12 ದಿನದೊಳಗೆ ಸರ್ಕಾರದ ಒಪ್ಪಿಗೆ ಬರಬೇಕು, ಮೂರು ವಾರದೊಳಗೆ ಸಲಹಾ ಮಂಡಳಿಗೆ ಹೋಗಬೇಕು. ಯಾರದ್ದೋ ಸ್ವಾತಂತ್ರ್ಯವನ್ನು ವಿಚಾರಣೆ ಇಲ್ಲದೆ ಕಿತ್ತುಕೊಳ್ಳುವ ಅಧಿಕಾರ ಇದು. ಕೋರ್ಟು ಇಷ್ಟು ಬಿಗಿಯಾಗಿ ನೋಡುವುದು ಸರಿಯೇ ಇದೆ.

ಸಾಕ್ಷಿ ಉಳಿಯಬೇಕು

ಮಲೆನಾಡಿನ ತೋಟದ ಮನೆ ಒಂಟಿ ಮನೆ. ಹತ್ತಿರದ ಮನೆ ಕೂಗಿದರೂ ಕೇಳದಷ್ಟು ದೂರ. ಗುಂಪಿನವರು ಬಂದು ‘ಅಣ್ಣ, ಕೋರ್ಟಿಗೆ ಬರಬೇಡಿ’ ಎಂದು ಮೆಲ್ಲಗೆ ಹೇಳಿಹೋದರೂ ಸಾಕು, ಸಾಕ್ಷಿ ತಿರುಗಿಬೀಳುತ್ತಾರೆ. ಮುಖ್ಯ ಸಾಕ್ಷಿಗಳ ಹೇಳಿಕೆಯನ್ನು ಮೊದಲ ತಿಂಗಳಲ್ಲೇ ಅದೇ ಸಂಹಿತೆಯ 183ನೇ ಕಲಮಿನಡಿ ಮ್ಯಾಜಿಸ್ಟ್ರೇಟರ ಎದುರು ದಾಖಲಿಸಿ. ಬೆದರಿಕೆ ಇದ್ದರೆ 2018ರ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ಜಿಲ್ಲಾ ನ್ಯಾಯಾಧೀಶರು ಮುಖ್ಯಸ್ಥರಾಗಿರುವ ಸಮಿತಿಗೆ ಸಾಕ್ಷಿಯೇ ಅರ್ಜಿ ಕೊಡಬಹುದು. ಡಿವೈಎಸ್‌ಪಿ ಐದು ಕೆಲಸದ ದಿನದೊಳಗೆ ಬೆದರಿಕೆಯ ವರದಿ ಕೊಡಬೇಕು. ರಕ್ಷಣೆ ಒಂದು ಸಲಕ್ಕೆ ಮೂರು ತಿಂಗಳು ಮೀರುವುದಿಲ್ಲ. ಅವಧಿ ಮುಗಿಯುವ ಮೊದಲೇ ಮತ್ತೆ ಕೇಳಿ. ಬೀಟ್ ಸಿಬ್ಬಂದಿ ವಾರಕ್ಕೊಮ್ಮೆ ಆ ಮನೆಗೆ ಹೋಗಿ ಪುಸ್ತಕಕ್ಕೆ ಸಹಿ ಹಾಕುವುದು ಸಣ್ಣ ಕೆಲಸವೆನಿಸಬಹುದು, ಒಂಟಿ ಮನೆಯವರಿಗೆ ಅದೇ ದೊಡ್ಡ ಧೈರ್ಯ.

ಆರೋಪಿ ಜಾಮೀನಿನ ಮೇಲೆ ಹೊರಬಂದ ದಿನ ಷರತ್ತುಗಳ ಪ್ರತಿಯನ್ನು ಆತನ ಊರಿನ ಠಾಣೆಗೂ ಕಳಿಸಿ. ಷರತ್ತು ಮುರಿದರೆ ಜಾಮೀನು ರದ್ದತಿ ಅರ್ಜಿಗೆ ದಿನಾಂಕ ಸಮೇತ ದಾಖಲೆ ಬೇಕು. ಇನ್ನೊಂದು ಠಾಣೆಯ ಕೇಸಿನಲ್ಲಿ ಆತ ಈಗಾಗಲೇ ಜೈಲಿನಲ್ಲಿದ್ದರೆ ಬಾಡಿ ವಾರಂಟ್ (ಜೈಲಿನಲ್ಲಿರುವವನನ್ನು ಹಾಜರುಪಡಿಸುವ ಕೋರ್ಟಿನ ಆದೇಶ) ಮೇಲೆ ವಶಕ್ಕೆ ಪಡೆದು ಬಾಕಿ ಕೇಸುಗಳಲ್ಲೂ ದೋಷಾರೋಪ ಪಟ್ಟಿ ಸಲ್ಲಿಸಿ. ಕೊಯ್ಲು ಶುರುವಾಗುವ ಮೊದಲು, ಆಗಸ್ಟ್ ಕೊನೆಯ ಹೊತ್ತಿಗೆ, ಗುಂಪಿನ ಪಟ್ಟಿ ಮತ್ತೊಮ್ಮೆ ತೆಗೆದು ಒಳಗಿರುವವರು ಯಾರು, ಹೊರಗಿರುವವರು ಯಾರು, ಯಾವ ಕೇಸು ಸಾಕ್ಷಿ ವಿಚಾರಣೆಯಲ್ಲಿದೆ ಎಂದು ಗುರುತು ಹಾಕಿ ಎಲ್ಲ ಠಾಣೆಗೂ ಹಂಚಿ.